ತಟ್ಟೆಯಲ್ಲಿ ಉಳಿದ ಎಲೆ

ಮಲ್ಲೇದೊಡ್ಡಿ, ದೇವದುರ್ಗ ತಾಲ್ಲೂಕು
ನವೆಂಬರ್ 4

ಶ್ರೀ ವಲಿ ಪಾಷಾ ಅವರಿಗೆ,

ಮಲ್ಲೇದೊಡ್ಡಿಯ ಹಂಪಣ್ಣನ ನಮಸ್ಕಾರಗಳು. ಹೆಸರು ನೆನಪಿದೆಯೋ ಇಲ್ಲವೋ ತಿಳಿಯದು. ರಾಯಚೂರಿನ ಕಾಲೇಜಿನಲ್ಲಿ ಮೂರು ವರ್ಷ ನಿಮ್ಮ ಪಕ್ಕದಲ್ಲಿ ಕೂತವನು, ನಿಮ್ಮ ಛತ್ರಿಯನ್ನು ಬಸ್ಸಿನಲ್ಲಿ ಬಿಟ್ಟು ಇಳಿದವನು ಎಂದರೆ ನೆನಪಾದೀತು. ಆಮೇಲೆ ನಲವತ್ತು ವರ್ಷ ನೀವೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಯಾಕೆ ಎಂದು ನನಗಂತೂ ಗೊತ್ತಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ನನಗೆ ಈಗ ಎಡಗಿವಿ ಪೂರ್ತಿ, ಬಲಗಿವಿ ಅರ್ಧ ಹೋಗಿದೆ. ಫೋನನ್ನು ಸ್ಪೀಕರಿಗೆ ಹಾಕಬೇಕು. ಹಾಕಿದರೆ ಕಟ್ಟೆಯ ಮೇಲಿನ ಇಪ್ಪತ್ತು ಮಂದಿ ಕೇಳುತ್ತಾರೆ. ಈ ವಿಷಯ ಅವರ ಮುಂದೆ ಆಡುವಂಥದ್ದಲ್ಲ.

ನಮ್ಮ ಓಣಿಯ ಪಂಚಾಯಿತಿ ಸದಸ್ಯೆ ಬೂದೆಮ್ಮ ತೀರಿಕೊಂಡಳು. ಆ ಒಂದು ಸ್ಥಾನಕ್ಕೆ ಈಗ ಉಪಚುನಾವಣೆ. ಚುನಾವಣೆ ಎಂದು ಹೆಸರಿಗೆ ಹೇಳುವುದು. ನಮ್ಮೂರಲ್ಲಿ ಪಂಚಾಯಿತಿಗೆ ಮತ ಬಿದ್ದು ಇಪ್ಪತ್ತೈದು ವರ್ಷವಾಯಿತು. ಕೊನೆಯ ಸಲ ಮತ ಬಿದ್ದಾಗ ಎರಡು ಮನೆಯವರು ಬಡಿದಾಡಿ ಒಬ್ಬನ ಕೈ ಮುರಿಯಿತು, ಎರಡು ವರ್ಷ ಒಬ್ಬರ ಮದುವೆಗೆ ಇನ್ನೊಬ್ಬರು ಹೋಗಲಿಲ್ಲ. ಆಗ ನಾನೇ ಮುಂದೆ ನಿಂತು ಎಲೆ ತಟ್ಟೆಯ ಪದ್ಧತಿ ಮಾಡಿದೆ. ಮನೆಗೊಂದರಂತೆ ಅರವತ್ತೆರಡು ವೀಳ್ಯದೆಲೆ ತಟ್ಟೆಯಲ್ಲಿಡುವುದು. ಕಟ್ಟೆಯ ಮೇಲೆ ಒಂದು ಹೆಸರು ಹೇಳುವುದು. ತಟ್ಟೆ ಹಿಡಿದು ನಾನು ತಿರುಗುತ್ತೇನೆ. ಮನೆಯ ಗಂಡಸು ಒಂದು ಎಲೆ ತೆಗೆದುಕೊಂಡರೆ ಆ ಮನೆ ಒಪ್ಪಿತು. ತಟ್ಟೆ ಖಾಲಿಯಾದರೆ ಊರು ಒಪ್ಪಿತು. ಅಲ್ಲಿಂದೀಚೆಗೆ ಊರಲ್ಲಿ ಒಂದು ಕೈ ಮುರಿದಿಲ್ಲ. ಇದನ್ನು ನಾನು ಎದೆ ಉಬ್ಬಿಸಿ ಹೇಳುತ್ತೇನೆ.

ಈ ಸಲ ಆದೆಮ್ಮನ ಹೆಸರು ಹೇಳಿದೆವು. ಸ್ಥಾನ ಮಹಿಳೆಗೆ ಮೀಸಲು, ಅವಳ ಗಂಡ ನಮ್ಮ ಕಟ್ಟೆಯವನು. ತಟ್ಟೆ ತಿರುಗಿ ಬಂದಾಗ ಒಂದು ಎಲೆ ಉಳಿದಿತ್ತು. ಎಣಿಸಿ ಇಡುವಾಗ ಒಂದು ಹೆಚ್ಚು ಬಿದ್ದಿರಬೇಕೆಂದು ನಾನೇ ಸುಣ್ಣ ಹಚ್ಚಿ ಹಾಕಿಕೊಂಡೆ. ಮುಗಿಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಸೊಸೆ ಕೈ ನಿಲ್ಲಿಸಿ, "ಮಾವಾ, ನಾನು ನಾಮಪತ್ರ ಹಾಕಾಕತ್ತೀನಿ. ನಿಮಗ ಮೊದಲ ಹೇಳಬೇಕಂತ ಹೇಳಿದೆ" ಅಂದಳು. ನನ್ನ ಮನೆಯೊಳಗಿಂದಲೇ. ಕಟ್ಟೆಯವರು ನನ್ನ ಮುಖ ನೋಡಿದರೆ ಮಾತು ನಿಲ್ಲಿಸುತ್ತಾರೆ. ತಟ್ಟೆ ಹಿಡಿದವನ ಮನೆಯೇ ಒಡೆದರೆ ಆ ತಟ್ಟೆಯನ್ನು ಇನ್ನು ಯಾರು ನಂಬುತ್ತಾರೆ? ಇಪ್ಪತ್ತೈದು ವರ್ಷ ಕಾಪಾಡಿದ್ದು ಹೋಗುತ್ತದೆ, ನನಗೆ ಭಯವಾಗಿದೆ.

ಆ ಹುಡುಗಿ ಮಾನ್ವಿಯವಳು. ಹೆಸರು ವಿಶಾಖಾ. ಮಾನ್ವಿಯ ಕಾಲೇಜಿನಲ್ಲಿ ನಿಮ್ಮ ಹತ್ತಿರ ರಾಜ್ಯಶಾಸ್ತ್ರ ಓದಿದಳಂತೆ. ಮಾತೆತ್ತಿದರೆ "ನಮ್ಮ ಸರ್ ಹೇಳ್ಯಾರ" ಅನ್ನುತ್ತಾಳೆ. ಆ ಸರ್ ನೀವು ಎಂದು ಮೊನ್ನೆ ತಿಳಿಯಿತು. ನೀವು ಒಂದು ಮಾತು ಬರೆದರೆ ಕೇಳುತ್ತಾಳೆ. ನಾಮಪತ್ರ ಹಿಂತೆಗೆಯಲು ಇಪ್ಪತ್ತನೇ ತಾರೀಖು ಕೊನೆ.

ಇಷ್ಟು ಮಾಡಿಕೊಟ್ಟರೆ ಹಳೆಯದೆಲ್ಲ ಸರಿಹೋಯಿತೆಂದು ತಿಳಿಯುತ್ತೇನೆ. ನಮ್ಮನೆಯಲ್ಲಿ ಒಂದು ಹೊತ್ತು ಉಣ್ಣಲು ನೀವು ಬರಬೇಕು.

ಇತಿ,
ಹಂಪಣ್ಣ

---

ಆಮ್ ತಲಾಬ್ ಹತ್ತಿರ, ರಾಯಚೂರು
ನವೆಂಬರ್ 8

ಹಂಪಣ್ಣಾ,

ಆ ಛತ್ರಿ ನನ್ನದಲ್ಲ, ನಮ್ಮ ಅಬ್ಬಾನದು. ಬೈಸಿಕೊಂಡವನು ಮಾತ್ರ ನಾನು.

"ಅಬ್ಬಾ, ಖತ್ ಆಯಾ" ಎಂದು ಮಗಳು ಹುಮೇರಾ ಲಕೋಟೆ ತಂದು ಕೊಟ್ಟಾಗ ವಿಮೆಯವರದೆಂದು ಪಕ್ಕಕ್ಕಿಟ್ಟೆ. ಆಮೇಲೆ ಅಕ್ಷರ ನೋಡಿದೆ. ಳಕಾರದ ಬಾಲವನ್ನು ಕೆಳಗಿನ ಸಾಲಿನವರೆಗೂ ಎಳೆಯುವವನು ರಾಯಚೂರು ಜಿಲ್ಲೆಯಲ್ಲಿ ನೀನೊಬ್ಬನೇ. ಎಷ್ಟು ಸಂತೋಷವಾಯಿತು ಎಂದು ನಾನು ಬರೆಯುವುದಿಲ್ಲ, ಬರೆದರೆ ನೀನು ಕಟ್ಟೆಯ ಮೇಲೆ ಓದಿಸುತ್ತೀ. ನೀನು ನನ್ನನ್ನು "ನೀವು" ಎಂದದ್ದಕ್ಕೆ ಮಾತ್ರ ಸಿಟ್ಟಿದೆ.

ನಿವೃತ್ತನಾದ ಮೇಲೆ ನನ್ನ ಕೆಲಸವೆಂದರೆ ಮಧ್ಯಾಹ್ನ ಮಲಗುವುದು, ಕನಸು ಕಾಣುವುದು. ನಿನ್ನ ಪತ್ರ ಎದೆಯ ಮೇಲಿಟ್ಟುಕೊಂಡು ಮಲಗಿದ್ದೆ. ಕನಸಿನಲ್ಲಿ ಆಮ್ ತಲಾಬಿನ ನೀರು ಹಿಂದೆ ಸರಿದು ತಳದಲ್ಲಿ ದೊಡ್ಡ ಸಭಾಂಗಣ ಕಾಣಿಸಿತು. ದೆಹಲಿಯ ಸಂಸತ್ತೂ ಹೌದು, ಮಾನ್ವಿಯ ನಮ್ಮ ಹನ್ನೊಂದನೇ ನಂಬರ್ ಕೋಣೆಯೂ ಹೌದು. ಸುಣ್ಣ ಉದುರಿದ ಅದೇ ಗೋಡೆ. ನಾನು ಸಭಾಧ್ಯಕ್ಷ, ಕೈಯಲ್ಲಿ ಗಂಟೆ. ಎಲ್ಲ ಆಸನಗಳ ಮೇಲೂ ಜನರ ಬದಲು ಒಂದೊಂದು ವೀಳ್ಯದೆಲೆ, ಹಸಿಯಾಗಿ, ನೀರು ಚಿಮುಕಿಸಿಟ್ಟಿದ್ದರು. "ಹೌದು ಎನ್ನುವವರು?" ಎಂದು ಕೇಳಿದೆ. ಗಾಳಿ ಬೀಸಿತು, ಎಲೆಗಳೆಲ್ಲ ಅಲುಗಾಡಿದವು. ನಾನು ಎರಡನೆಯ ಪ್ರಶ್ನೆ ಕೇಳಬೇಕಿತ್ತು. ಬಾಯಿ ತೆರೆದರೆ ಮಾತೇ ಹೊರಡಲಿಲ್ಲ. ಎಚ್ಚರವಾದಾಗ ಹುಮೇರಾ ಚಾ ಹಿಡಿದು ನಿಂತಿದ್ದಳು.

ಮೂವತ್ತು ವರ್ಷ ನಾನು ಮಕ್ಕಳಿಗೆ ಹೇಳಿದ್ದು ಇಷ್ಟೇ. ಸಭಾಧ್ಯಕ್ಷನಾದವನು ಮೊದಲು ಹೌದು ಎನ್ನುವವರು ಯಾರು ಎಂದು ಕೇಳಬೇಕು, ಆಮೇಲೆ ಇಲ್ಲ ಎನ್ನುವವರು ಯಾರು ಎಂದು ಕೇಳಬೇಕು. ಇಡೀ ಸಭೆ ಹೌದು ಎಂದು ಕೂಗಿ ಛಾವಣಿ ಹಾರಿಹೋಗಿದ್ದರೂ ಎರಡನೆಯ ಪ್ರಶ್ನೆ ಬಿಡುವ ಹಾಗಿಲ್ಲ. ಯಾರೂ ಉತ್ತರಿಸದಿದ್ದರೂ ಕೇಳಿ, ಒಂದು ಉಸಿರು ಕಾಯಬೇಕು. ಸರಕಾರ, ಕಾನೂನು, ಸಂವಿಧಾನ ಎಂದು ನಾನು ಬೋರ್ಡಿನ ಮೇಲೆ ಬರೆದದ್ದರಲ್ಲಿ ಅರ್ಧ ಮಕ್ಕಳು ಮರೆತರು, ಉಳಿದರ್ಧ ನಾನು ಮರೆತೆ. ಆ ಒಂದು ಉಸಿರಿನ ಹೊತ್ತು ಮಾತ್ರ ನನಗೆ ಇಂದಿಗೂ ಇಷ್ಟ.

ನೀನು ಕೇಳಿದ ಕೆಲಸ ಸಣ್ಣದಲ್ಲ. ಆದರೆ ಕೇಳಿದವನು ನೀನು. ವಿಶಾಖಾಳಿಗೆ ಬರೆಯುತ್ತೇನೆ.

ಒಂದು ಮಾತು ಕೇಳಲೇ? ತಟ್ಟೆಯಲ್ಲಿ ಉಳಿದ ಆ ಎಲೆ ಯಾರದು?

ನಿನ್ನ,
ವಲಿ

---

ರಾಯಚೂರು
ನವೆಂಬರ್ 9

ಪ್ರೀತಿಯ ವಿಶಾಖಾ,

ನಿನ್ನ ಮಾವ ಹಂಪಣ್ಣ ಮತ್ತು ನಾನು ಒಂದು ಕಾಲದಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು. ನಿನ್ನ ನಾಮಪತ್ರದ ವಿಷಯ ಅವನು ಬರೆದಿದ್ದಾನೆ.

ನಿನ್ನ ಹಕ್ಕನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಊರಿನ ಸಾಮರಸ್ಯವೂ ದೊಡ್ಡದು. ಹಿಂದೆ ಸರಿಯುವುದೂ ಒಂದು ಸ್ವಾತಂತ್ರ್ಯವೇ, ಕೆಲವೊಮ್ಮೆ ಅದು ದೊಡ್ಡ ಮನಸ್ಸಿನವರಿಂದ ಮಾತ್ರ ಸಾಧ್ಯ. ಹಿರಿಯರ ಮಾತಿಗೆ ಬೆಲೆ ಕೊಟ್ಟು ಈ ಸಲ ನಾಮಪತ್ರ ಹಿಂತೆಗೆಯುವುದನ್ನು ಯೋಚಿಸು. ಮುಂದೆ ಅವಕಾಶಗಳು ಬಂದೇ ಬರುತ್ತವೆ.

ಆರೋಗ್ಯ ನೋಡಿಕೋ.

ಇಂತಿ,
ವಲಿ ಪಾಷಾ

---

ಮಲ್ಲೇದೊಡ್ಡಿ
ನವೆಂಬರ್ 15

ಗುರುಗಳಿಗೆ ವಿಶಾಖಾಳ ನಮಸ್ಕಾರಗಳು.

ಸರ್, ನಿಮ್ಮ ಪತ್ರ ಮೂರು ಸಲ ಓದಿದೆ. ಅಕ್ಷರ ನಿಮ್ಮದು, ಸಹಿ ನಿಮ್ಮದು. ಮಾತು ಮಾತ್ರ ನಿಮ್ಮದಲ್ಲ ಅನ್ನಿಸಿತು. "ಸಾಮರಸ್ಯ" ಎಂಬ ಶಬ್ದವನ್ನು ನೀವು ತರಗತಿಯಲ್ಲಿ ಒಮ್ಮೆಯೂ ಬಳಸಿದ್ದು ನನಗೆ ನೆನಪಿಲ್ಲ. ತಪ್ಪು ತಿಳಿಯಬೇಡಿ.

ದ್ವಿತೀಯ ಪಿಯುಸಿಯಲ್ಲಿ ನೀವು ಅಣಕು ಸಂಸತ್ತು ಮಾಡಿಸಿದಿರಿ. ಊಟದ ಬಿಡುವನ್ನು ಹತ್ತು ನಿಮಿಷ ಕಡಿಮೆ ಮಾಡುವ ಮಸೂದೆ. ಕಾಲೇಜು ಬೇಗ ಬಿಡುತ್ತದೆಂದು ಎಲ್ಲರೂ ಹೌದು ಅಂದರು. ಹಳ್ಳಿಯಿಂದ ಬರುವ ಹುಡುಗಿಯರು ಆ ಹತ್ತು ನಿಮಿಷದಲ್ಲೇ ಬುತ್ತಿ ಉಣ್ಣುತ್ತಾರೆಂದು ನಾನೊಬ್ಬಳೇ ಇಲ್ಲ ಅಂದೆ. ಇಡೀ ಕೋಣೆ ನಕ್ಕಿತು. ನೀವು ಗಂಟೆ ಬಾರಿಸಿ ನಗು ನಿಲ್ಲಿಸಿ, ಬೋರ್ಡಿನ ಮೇಲೆ ಹೌದು ನಲವತ್ತೊಂದು, ಇಲ್ಲ ಒಂದು ಎಂದು ಬರೆದಿರಿ. ಆ ಒಂದನ್ನು ಒಂದು ವಾರ ಯಾರಿಗೂ ಅಳಿಸಲು ಬಿಡಲಿಲ್ಲ. ಗಣಿತದ ಮೇಷ್ಟ್ರು ಅದರ ಸುತ್ತ ಲೆಕ್ಕ ಮಾಡಬೇಕಾಯಿತು. ನನ್ನ ಜೀವನದಲ್ಲಿ ನನ್ನ ಮಾತನ್ನು ಯಾರಾದರೂ ಬರೆದಿಟ್ಟದ್ದು ಅದೇ ಮೊದಲು, ಅದೇ ಕೊನೆ.

ನಾನು ಯಾಕೆ ನಿಂತೆ ಎಂದು ಮಾವ ನಿಮಗೆ ಬರೆದಿರಲಿಕ್ಕಿಲ್ಲ, ಯಾಕೆಂದರೆ ಅವರು ಕೇಳಿಲ್ಲ. ನಮ್ಮ ಓಣಿಯ ನಳ ಕಟ್ಟೆಯ ಎದುರಿಗೇ ಇದೆ. ಹಿರಿಯರು ಕೂತಿರುವಾಗ ಹೆಂಗಸರು ಕೊಡ ಹೊತ್ತು ಅವರ ಮುಂದೆ ಹಾಯುವ ಹಾಗಿಲ್ಲ, ಅದು ಇಲ್ಲಿಯ ರೀತಿ. ನೀರು ಬರುವುದು ಸಂಜೆ ಐದರಿಂದ ಆರು. ಕಟ್ಟೆ ಕೂಡುವುದೂ ಅದೇ ಹೊತ್ತು. ಮರೆಯಲ್ಲಿ ಕೊಡ ಇಟ್ಟುಕೊಂಡು ನಿಂತು, ನೀರು ಮೋರಿಗೆ ಹರಿಯುವುದನ್ನು ನೋಡುತ್ತೇವೆ. ಅವರು ಎದ್ದು ಹೋಗುವಷ್ಟರಲ್ಲಿ ನಳ ನಿಂತಿರುತ್ತದೆ. ಎಂಟು ವರ್ಷದಿಂದ ನೋಡುತ್ತಿದ್ದೇನೆ. ನಳವನ್ನು ಇಪ್ಪತ್ತು ಹೆಜ್ಜೆ ಆಚೆ ಸರಿಸಿದರೆ ಸಾಕು. ಬೂದೆಮ್ಮನವರಿಗೆ ಹೇಳಿದೆವು, ಅವರು ಗಂಡನಿಗೆ ಹೇಳಿದರು, ಗಂಡ ಕಟ್ಟೆಗೆ ಹೇಳಿದರು, ಕಟ್ಟೆಯವರು ಹೌದು ಹೌದು ಅಂದರು. ಅಷ್ಟೇ.

ಮಾವ ಕೆಟ್ಟವರಲ್ಲ ಸರ್. ನನಗೆ ಜ್ವರ ಬಂದಾಗ ಸೈಕಲ್ ಮೇಲೆ ಹೋಗಿ ಮಾತ್ರೆ ತಂದವರು. ಆದರೆ ಊರು ಎಂದರೆ ಕಟ್ಟೆ ಎಂದು ಅವರ ತಲೆಯಲ್ಲಿ ಕೂತುಬಿಟ್ಟಿದೆ.

ಇನ್ನೊಂದು ವಿಷಯ, ಇದನ್ನು ಅವರಿಗೆ ಬರೆಯಬೇಡಿ. ಆವತ್ತು ತಟ್ಟೆಯಲ್ಲಿ ಒಂದು ಎಲೆ ಉಳಿಯಿತು. ಅದು ನಮ್ಮ ಮನೆಯದೇ. ಮಾವ ತಟ್ಟೆ ಹಿಡಿಯುವುದರಿಂದ ನಮ್ಮ ಮನೆಯ ಎಲೆ ನನ್ನ ಗಂಡ ಬಸವಲಿಂಗ ತೆಗೆದುಕೊಳ್ಳುವುದು. ಆವತ್ತು ಅವರು ಕೈ ಚಾಚಲಿಲ್ಲ. ಮಗನ ಕೈ ನೋಡುವ ಅಗತ್ಯವೇನೆಂದು ಮಾವ ಮುಂದೆ ಹೋದರು, ಆಮೇಲೆ ಆ ಎಲೆಯನ್ನು ತಾವೇ ತಿಂದರು. ಬಸವಲಿಂಗ ಮನೆಗೆ ಬಂದು ನಗಬೇಕೋ ಅಳಬೇಕೋ ತಿಳಿಯದೆ ಕೂತರು. ನನ್ನ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದವರೂ ಅವರೇ. "ಅಪ್ಪಗ ನಾನ ಹೇಳತೀನಿ, ಧೈರ್ಯ ಬರಲಿ" ಅಂತಾರೆ. ಇನ್ನೂ ಬಂದಿಲ್ಲ.

ಕಟ್ಟೆಯವರು ದಿನಾ ಬಂದು ಅತ್ತೆ ಬಸವಂತಮ್ಮನವರಿಗೆ ಬುದ್ಧಿ ಹೇಳಿ ಹೋಗುತ್ತಾರೆ. ಅತ್ತೆ ಚಾ ಕೊಟ್ಟು ಕಳಿಸುತ್ತಾರೆ. ನನಗೂ ಸುಸ್ತಾಗಿದೆ. ಅದಕ್ಕೇ ಈ ಪತ್ರ. ಹಿಂತೆಗೆದುಕೋ ಎಂದು ನೀವು ನೀವಾಗಿ ಹೇಳಿದರೆ ನಾನು ಇಪ್ಪತ್ತರಂದು ಹೋಗಿ ಹಿಂತೆಗೆದುಕೊಳ್ಳುತ್ತೇನೆ, ಖಂಡಿತ. ಆ ಬೋರ್ಡಿನ ಮೇಲೆ ಬರೆದವರು ನೀವು, ಅಳಿಸುವ ಹಕ್ಕೂ ನಿಮ್ಮದೇ. ಆದರೆ ಬೇರೆ ಯಾರ ಪರವಾಗಿಯೋ ಹೇಳಬೇಡಿ.

ನಿಮ್ಮ ವಿದ್ಯಾರ್ಥಿನಿ,
ವಿಶಾಖಾ

---

ರಾಯಚೂರು ಬಸ್ ನಿಲ್ದಾಣ
ನವೆಂಬರ್ 18

ವಿಶಾಖಾ,

ಅಂಚೆಗೆ ಹಾಕಿದರೆ ತಡವಾದೀತೆಂದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ದೇವದುರ್ಗದ ಬಸ್ಸಿನ ಕಂಡಕ್ಟರ್ ಮತೀನ್ ನಿನಗಿಂತ ಎರಡು ವರ್ಷ ಮುಂದೆ ನನ್ನ ಹತ್ತಿರ ಓದಿದವನು. ಅವನ ಕೈಯಲ್ಲಿ ಕೊಡುತ್ತೇನೆ.

ಹಿಂತೆಗೆಯಬೇಡ. ಇದು ನಾನು ನಾನಾಗಿ ಹೇಳುತ್ತಿರುವುದು.

ಮೊದಲ ಪತ್ರಕ್ಕೆ ನನಗೆ ನಾಚಿಕೆಯಾಗಿದೆ. ಒಬ್ಬ ಹಳೆಯ ಗೆಳೆಯ ಮತ್ತೆ ಸಿಗುತ್ತಾನೆಂಬ ಆಸೆಗೆ ಬರೆದೆ. ಅದನ್ನು ಒಲೆಗೆ ಹಾಕು.

ವಲಿ ಪಾಷಾ

---

ಅದೇ ಬೆಂಚು, ಅದೇ ದಿನ

ಹಂಪಣ್ಣಾ,

ನಿನ್ನ ಕೆಲಸ ನಾನು ಮಾಡಲಿಲ್ಲ. ಒಮ್ಮೆ ಮಾಡಿದೆ, ಆಮೇಲೆ ಕೆಡಿಸಿದೆ. ನಾಮಪತ್ರ ಹಿಂತೆಗೆಯಬೇಡ ಎಂದು ಈಗಷ್ಟೇ ನಿನ್ನ ಸೊಸೆಗೆ ಬರೆದೆ. ನೀನು ಸಿಟ್ಟಾಗುತ್ತೀ, ಊಟಕ್ಕೆ ಕರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೀ. ಅದು ನನಗೆ ಎಷ್ಟು ನೋವು ಎಂಬುದನ್ನು ಮುಚ್ಚಿಡುವುದಿಲ್ಲ. ನಿನ್ನ ಪತ್ರ ಬಂದ ಹತ್ತು ದಿನ ನಾನು ಇಪ್ಪತ್ತು ವರ್ಷದ ಹುಡುಗನಾಗಿದ್ದೆ.

ನಲವತ್ತು ವರ್ಷ ಯಾಕೆ ಬರೆಯಲಿಲ್ಲ ಎಂದು ನಿನಗೆ ಗೊತ್ತಿಲ್ಲವೆಂದೆ. ನಿಜವಾಗಿಯೂ ಗೊತ್ತಿಲ್ಲ ಎಂದು ನಂಬುತ್ತೇನೆ, ಯಾಕೆಂದರೆ ನಾನು ಹೇಳಿರಲೇ ಇಲ್ಲ.

ಕೊನೆಯ ವರ್ಷ ನಾನು ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ಸ್ಥಾನಕ್ಕೆ ನಿಂತಿದ್ದೆ, ನೆನಪಿದೆಯೇ? ಭಾಷಣ ಬರೆದುಕೊಂಡು ತಲಾಬಿನ ದಂಡೆಯ ಮೇಲೆ ಕೊಕ್ಕರೆಗಳಿಗೆ ಹೇಳಿ ಅಭ್ಯಾಸ ಮಾಡುತ್ತಿದ್ದೆ. ಹಾಸ್ಟೆಲಿನಲ್ಲಿ ನೀವೆಲ್ಲ ಸಭೆ ಸೇರಿ ಅಕ್ಕಿ ಗಿರಣಿಯವರ ಮಗನನ್ನು ಅವಿರೋಧವಾಗಿ ಆರಿಸುವುದೆಂದು ತೀರ್ಮಾನಿಸಿದಿರಿ. ನನಗೆ ಹೇಳಲು ನಿನ್ನನ್ನು ಕಳಿಸಿದರು. ತೀನ್ ಕಂದೀಲ್ ಚೌಕದ ಚಾ ಅಂಗಡಿಯಲ್ಲಿ ನನ್ನ ಹೆಗಲ ಮೇಲೆ ಕೈ ಹಾಕಿ ನೀನು ಅಂದೆ: "ಎಲ್ಲಾರೂ ಒಂದಾಗೇವಿ ವಲಿ, ನೀ ಒಬ್ಬಾವ ಯಾಕ ಅಡ್ಡ ಬರತಿ?"

ನಾನು ನಕ್ಕೆ. ಆ ಚಾ ಕುಡಿದೆ. ಹೋಗಿ ಹಿಂತೆಗೆದುಕೊಂಡೆ. ದೊಡ್ಡ ಮನಸ್ಸು ಎಂದು ಎಲ್ಲರೂ ಕೈಕುಲುಕಿದರು, ನೀನೂ ಕುಲುಕಿದೆ. ಸೋಲುತ್ತೇನೆಂದು ನನಗೆ ಗೊತ್ತಿತ್ತು ಹಂಪಣ್ಣಾ. ಸೋತಿದ್ದರೆ ನಾಲ್ಕು ದಿನಕ್ಕೆ ಮರೆಯುತ್ತಿದ್ದೆ. ಆದರೆ ನೀನು "ಎಲ್ಲಾರೂ" ಅಂದಾಗ ಆ ಎಲ್ಲರಲ್ಲಿ ನಾನು ಇರಲಿಲ್ಲ. ಇರಲಿಲ್ಲ ಎಂಬುದು ನಿನಗೆ ಹೊಳೆಯಲೂ ಇಲ್ಲ. ಆಮೇಲೆ ನಿನ್ನ ಪಕ್ಕದಲ್ಲಿ ಕೂರಲು ನನ್ನಿಂದ ಆಗಲಿಲ್ಲ, ಅಷ್ಟೇ.

ಬದುಕು ಚೆನ್ನಾಗಿಯೇ ಆಯಿತು. ಆದರೆ ಮೂವತ್ತು ವರ್ಷ ಆ ಎರಡನೆಯ ಪ್ರಶ್ನೆಯನ್ನು ಮಕ್ಕಳಿಗೆ ಅಷ್ಟು ಒತ್ತಿ ಒತ್ತಿ ಯಾಕೆ ಹೇಳಿದೆ ಎಂದು ಈಗ ಯೋಚಿಸಿದರೆ, ಆ ಚಾ ಅಂಗಡಿ ನೆನಪಾಗುತ್ತದೆ.

ಬಸ್ ಹೊರಡುತ್ತಿದೆ. ಮತೀನ್ ಸೀಟಿ ಊದಿ ನನ್ನ ಕಡೆಗೇ ನೋಡುತ್ತಿದ್ದಾನೆ.

ವಲಿ

---

ರಾಯಚೂರು
ನವೆಂಬರ್ 30

ಹಂಪಣ್ಣಾ,

ಹನ್ನೆರಡು ದಿನವಾಯಿತು, ನಿನ್ನಿಂದ ಏನೂ ಇಲ್ಲ. ಬರಲಿಕ್ಕಿಲ್ಲ ಎಂದುಕೊಂಡೇ ಬರೆಯುತ್ತಿದ್ದೇನೆ.

ಇಂದು ನಿಮ್ಮೂರಲ್ಲಿ ಮತದಾನ. ಬೆಳಿಗ್ಗೆ ತಲಾಬಿನ ದಂಡೆಗೆ ಹೋಗಿದ್ದೆ. ಮಂಜು ಎಷ್ಟಿತ್ತೆಂದರೆ ಕೋಟೆಯ ಗುಡ್ಡ ಕಾಣಿಸಲಿಲ್ಲ, ಆಚೆ ದಂಡೆಯ ಮನೆಗಳು ಕಾಣಿಸಲಿಲ್ಲ. ಎಲ್ಲೋ ಒಂದು ರಿಕ್ಷಾದ ಹಾರ್ನ್, ಎಲ್ಲೋ ಬಟ್ಟೆ ಒಗೆಯುವ ಸದ್ದು. ಮಂಜಿನೊಳಗೆ ನಿಮ್ಮೂರ ಶಾಲೆಯ ಮುಂದೆ ಒಂದು ಸಾಲು ನಿಂತ ಹಾಗೆ ಕಂಡಿತು. ಹೆಂಗಸರು, ಗಂಡಸರು, ಎಲ್ಲರ ಮುಖವೂ ಮಸುಕು. ಯಾರು ಯಾರ ಮನೆಯವರು ಎಂದು ಗುರುತು ಸಿಗಲಿಲ್ಲ. ಒಬ್ಬೊಬ್ಬರಾಗಿ ಒಂದು ಬಾಗಿಲೊಳಗೆ ಹೋಗುತ್ತಿದ್ದರು. ಸಾಲಿನ ಕೊನೆಯಲ್ಲಿ ನೀನಿದ್ದೆ. ಕೈಯಲ್ಲಿ ತಟ್ಟೆ ಇರಲಿಲ್ಲ, ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದೆ. ನನಗೆ ನಗು ಬಂತು. ಹಿಂದೆಯೇ ಕಣ್ಣಲ್ಲಿ ನೀರೂ ಬಂತು.

ಈ ಪತ್ರ ತಲುಪುವಷ್ಟರಲ್ಲಿ ನೀನು ಮತ ಹಾಕಿರುತ್ತೀ. ಯಾರಿಗೆ ಎಂದು ನನಗೆ ಬರೆಯಬೇಡ.

ವಲಿ

---

ಮಲ್ಲೇದೊಡ್ಡಿ
ಡಿಸೆಂಬರ್ 8

ವಲಿ,

ಹತ್ತೊಂಬತ್ತರಂದು ನಿನ್ನ ಪತ್ರ ಓದಿ ಹರಿದು ಹಾಕಿದೆ. ಸಂಜೆ ಚೂರುಗಳನ್ನು ಆರಿಸಿಕೊಂಡು ಬಂದೆ, ಬಸವಂತಮ್ಮ ರೊಟ್ಟಿ ಹಿಟ್ಟಿನ ಅಂಟು ಹಚ್ಚಿ ಜೋಡಿಸಿಕೊಟ್ಟಳು. ಒಂದು ಚೂರು ಕೋಳಿ ತಿಂದಿತ್ತು. ಉಳಿದದ್ದು ನನ್ನ ಹತ್ತಿರ ಇದೆ.

ಇಪ್ಪತ್ತರ ಬೆಳಿಗ್ಗೆ ಬಸವಲಿಂಗ ಹತ್ತಿ ಹೊಲಕ್ಕೆ ನನ್ನ ಹಿಂದೆ ಬಂದ. ಹತ್ತಿ ಒಡೆದು ಹೊಲವೆಲ್ಲ ಬಿಳಿ. ಒಂದು ಸಾಲು ಬಿಡಿಸಿದ. ಆಮೇಲೆ ನನ್ನ ಬಲಗಿವಿಯ ಕಡೆ ಬಂದು ನಿಂತು, "ಯಪ್ಪಾ, ಆ ಎಲಿ ನಂದು. ನಾ ತಗೊಳ್ಳಲಿಲ್ಲ" ಅಂದ. "ಯಾಕ ಆಗಲೇ ಹೇಳಲಿಲ್ಲ?" ಅಂದೆ. "ನೀವು ಕೇಳಲಿಲ್ಲ" ಅಂದ. ನಾನು ಉಡಿಯ ಹತ್ತಿಯನ್ನು ಚೀಲಕ್ಕೆ ಸುರಿದೆ. ಹೆತ್ತ ಮಗ ಬೇಡ ಅಂದದ್ದನ್ನು ಸುಣ್ಣ ಹಚ್ಚಿ ತಿಂದು, ಮೇಲೆ ಒಂದು ಲೋಟ ನೀರು ಕುಡಿದಿದ್ದೆನಲ್ಲ. ಅಲ್ಲಿಂದ ಲೆಕ್ಕ ಹಾಕುತ್ತಾ ಕೂತೆ. ಇಪ್ಪತ್ತೈದು ವರ್ಷದಲ್ಲಿ ಎಷ್ಟು ಸಲ ಎಲೆ ಉಳಿದಿತ್ತು, ಎಷ್ಟು ಸಲ ನಾನು ಎಣಿಕೆ ತಪ್ಪಿತೆಂದು ಹಾಕಿಕೊಂಡೆ? ಮೂರು ಸಲವಂತೂ ನೆನಪಿದೆ. ಅವು ಯಾರವೋ.

ಆವತ್ತು ಕಟ್ಟೆಯವರು ಸೊಸೆಯನ್ನು ದೇವದುರ್ಗಕ್ಕೆ ಕರೆದೊಯ್ಯಲು ಜೀಪು ತಂದು ನಿಲ್ಲಿಸಿದ್ದರು. ನಾನು ಜಗಲಿಯ ಮೇಲೆ ಕೂತು, "ಆಕಿ ಬರಂಗಿಲ್ಲ, ನೀವು ಚಾ ಕುಡದು ಹೋಗ್ರಿ" ಅಂದೆ. ಚಾ ಕುಡಿಯಲಿಲ್ಲ. ಅಲ್ಲಿಂದ ನಾನು ಕಟ್ಟೆಗೆ ಹೋಗಿಲ್ಲ, ಅವರೂ ಕರೆದಿಲ್ಲ. ಸಂಜೆ ಹೊತ್ತು ಹೋಗುವುದು ಕಷ್ಟವಾಗಿದೆ, ಸುಳ್ಳು ಹೇಳುವುದಿಲ್ಲ.

ಮತದಾನದ ದಿನ ನೀನು ಕನಸು ಕಂಡದ್ದು ಅರ್ಧ ಸರಿ. ನಮ್ಮಲ್ಲಿ ಮಂಜು ಇರಲಿಲ್ಲ, ಒಳ್ಳೆಯ ಬಿಸಿಲಿತ್ತು. ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದ್ದು ನಿಜ. ಶಾಲೆಯ ಕೋಣೆಯಲ್ಲಿ ಬೆಂಚಿನ ಮೇಲೆ ರಟ್ಟಿನ ಮರೆ ಇಟ್ಟಿದ್ದರು. ಒಂದು ಚೀಟಿ ಕೊಟ್ಟರು, ಒಂದು ರಬ್ಬರ್ ಠಸ್ಸೆ ಕೊಟ್ಟರು. ಆದೆಮ್ಮನದು ಆಟೋ. ವಿಶಾಖಾಳದು ಹೊಲಿಗೆ ಯಂತ್ರ. ಛತ್ರಿ ಇದ್ದಿದ್ದರೆ ನಿನಗೆ ಖುಷಿಯಾಗುತ್ತಿತ್ತು.

ಎಂಎಲ್‌ಎಗೆ, ಎಂಪಿಗೆ ಎಷ್ಟೋ ಸಲ ಬಟನ್ ಒತ್ತಿದ್ದೇನೆ. ಅವರು ನನ್ನನ್ನು ಬಲ್ಲವರಲ್ಲ, ಪೀ ಎಂದರೆ ಕೆಲಸ ಮುಗಿಯಿತು. ಇಲ್ಲಿ ಇಬ್ಬರೂ ನನ್ನ ಜಗಲಿಯ ಮೇಲೆ ಉಂಡವರು. ಮರೆಯ ಹಿಂದೆ ಬಗ್ಗಿದಾಗ ಒಂದು ವಿಚಿತ್ರವಾಯಿತು ವಲಿ. ಸುತ್ತ ನೋಡಿದೆ, ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಕಟ್ಟೆ ಇಲ್ಲ, ತಟ್ಟೆ ಇಲ್ಲ, ಮಗ ಇಲ್ಲ, ಹೆಂಡತಿ ಇಲ್ಲ. ಅರವತ್ಮೂರು ವರ್ಷದಲ್ಲಿ ನಾನು ಅಷ್ಟು ಒಬ್ಬನೇ ಇದ್ದದ್ದು ಇಲ್ಲ. ಹೊಲದಲ್ಲೂ ಇಲ್ಲ, ಅಲ್ಲಿ ಎತ್ತುಗಳಾದರೂ ನೋಡುತ್ತವೆ. ನಿನಗೆ ಏನು ಬೇಕು ಹಂಪಣ್ಣಾ ಎಂದು ಆ ಚೀಟಿ ನನ್ನನ್ನೇ ಕೇಳಿದ ಹಾಗಾಯಿತು. ಎಲ್ಲರಿಗೆ ಏನು ಬೇಕೆಂದು ಥಟ್ಟನೆ ಹೇಳುವವನು ನಾನು. ನನಗೇನು ಬೇಕೆಂದು ಹೊಳೆಯಲಿಲ್ಲ. ನಿಂತೆ. "ಅಜ್ಜಾ, ಆತೇನ್ರಿ?" ಎಂದು ಸಿಬ್ಬಂದಿ ಮೂರು ಸಲ ಕೂಗಿದರಂತೆ. ನನ್ನ ಕಿವಿ ಆವತ್ತು ಒಳ್ಳೆಯ ಕೆಲಸ ಮಾಡಿತು. ಕೊನೆಗೆ ಒತ್ತಿದೆ. ಯಾರಿಗೆ ಎಂದು ನಿನಗೆ ಹೇಳುವುದಿಲ್ಲ. ನೀನು ಬೇಡ ಅಂದದ್ದಕ್ಕಲ್ಲ. ಅದು ನನ್ನದು, ಅದಕ್ಕೆ.

ಬರುವಾಗ ಕಾಲುವೆಯ ದಂಡೆಯ ಮೇಲೆ ಬಸವಂತಮ್ಮನನ್ನು ಕೇಳಿದೆ, "ಯಾರಿಗೆ ಹಾಕಿದಿ?"

"ಹಾಕಿದೆ."

"ಯಾರಿಗೆ ಅಂತ ಕೇಳಿದೆ."

"ನಿಮಗ್ಯಾಕ ಬೇಕದು?" ಅಂದು ಸೆರಗು ಬಾಯಿಗೆ ಹಿಡಿದು ನಕ್ಕಳು. ಸಿಟ್ಟು ಬಂತು. ನಾಲ್ಕು ಹೆಜ್ಜೆ ನಡೆದ ಮೇಲೆ, ಅವಳು ನನ್ನನ್ನು ಕೇಳಲೇ ಇಲ್ಲ ಎಂಬುದು ಗಮನಕ್ಕೆ ಬಂತು. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ. ಮದುವೆಯಾಗಿ ಮೂವತ್ತೇಳು ವರ್ಷದ ಮೇಲೆ ಇಬ್ಬರೂ ಒಂದೊಂದು ಗುಟ್ಟು ಇಟ್ಟುಕೊಂಡು ಮನೆಗೆ ಬಂದೆವು. ನೀರು ಕಾಲುವೆಯ ತುಂಬ ಹರಿಯುತ್ತಿತ್ತು, ಹೆಂಡತಿ ಮುಂದೆ ಮುಂದೆ ಹೋಗುತ್ತಿದ್ದಳು, ಅವಳು ಯಾರೋ ಹೊಸಬಳು ಅನ್ನಿಸಿತು.

ವಿಶಾಖಾ ಸೋತಳು. ಆದೆಮ್ಮನಿಗೆ ನೂರಾ ನಲವತ್ತೆಂಟು, ಇವಳಿಗೆ ನೂರಾ ಮೂವತ್ತನಾಲ್ಕು. ಯಾರ ಕೈಯೂ ಮುರಿಯಲಿಲ್ಲ. ಎಣಿಕೆಯ ಮರುದಿನ ಬೆಳಿಗ್ಗೆ ಆದೆಮ್ಮ ನಮ್ಮನೆಗೆ ಬಂದಳು. ಅವಳು ನನ್ನ ಎದುರಿಗೆ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಸೊಸೆಯ ಕೈ ಹಿಡಿದು, "ತಂಗಿ, ಎಲಿ ಮ್ಯಾಲ ಆರಿಸಿ ಬಂದಿದ್ರ ನನ್ನ ಗಂಡ ಹೋಗಿ ಕುಂದರತಿದ್ದ, ನಾ ಮನ್ಯಾಗ ಸಹಿ ಹಾಕತಿದ್ದೆ. ಈಗ ನೂರಾ ನಲವತ್ತೆಂಟು ಮಂದಿ ನನ್ನ ಹೆಸರಿನ ಮುಂದ ಒತ್ಯಾರ. ನಾನ ಹೋಗಿ ಕುಂದರತೀನಿ" ಅಂದಳು. ಆಮೇಲೆ, "ನಳ ಎಲ್ಲಿಗೆ ಸರಸಬೇಕು, ತೋರಸು ಬಾ" ಅಂದಳು. ಇಬ್ಬರೂ ಕಟ್ಟೆಯ ಮುಂದಿನಿಂದ ಹೆಜ್ಜೆ ಎಣಿಸುತ್ತಾ ಹೋದರು. ಕಟ್ಟೆಯ ಮೇಲೆ ಜನ ಕೂತಿದ್ದರು. ನಳ ಇನ್ನೂ ಅಲ್ಲೇ ಇದೆ, ಸರಿದಾಗ ಬರೆಯುತ್ತೇನೆ.

ಆ ಚಾ ಅಂಗಡಿಯಲ್ಲಿ ನಾನು ಹಾಗೆ ಅಂದದ್ದು ನನಗೆ ನೆನಪಿರಲಿಲ್ಲ. ನೀನು ಬರೆದ ಮೇಲೆ ನೆನಪಾಯಿತು, ನಿನ್ನ ಹೆಗಲು ಕೈಕೆಳಗೆ ಬಿಗಿಯಾದದ್ದೂ ನೆನಪಾಯಿತು. ಗೊತ್ತಾಗಿತ್ತು ವಲಿ. ಗೊತ್ತಾಗದ ಹಾಗೆ ಚಾ ಹೇಳಿದೆ. ತಪ್ಪಾಯಿತು. ಇದನ್ನು ಬರೆಯಲು ನಾಲ್ಕು ದಿನ ಹಿಡಿಯಿತು.

ಬುಧವಾರ ಬಸವಂತಮ್ಮ ಶೇಂಗಾ ಹೋಳಿಗೆ ಮಾಡುತ್ತಾಳೆ. ಬರುತ್ತೀಯಾ? ಬರಬೇಕು ಎಂದು ಹೇಳುತ್ತಿಲ್ಲ, ಕೇಳುತ್ತಿದ್ದೇನೆ. ಹೌದು ಅನ್ನಬಹುದು.

ಇಲ್ಲ ಅನ್ನಬಹುದು. ನಾನು ಕಾಯುತ್ತೇನೆ.

ಹಂಪ

---

ರಾಯಚೂರು
ಡಿಸೆಂಬರ್ 11

ಹಂಪಾ,

ಇಲ್ಲ.

ಈ ಒಂದು ಮಾತನ್ನು ಬರೆದು ಬಹಳ ಹೊತ್ತು ನೋಡುತ್ತಾ ಕೂತಿದ್ದೆ. ಹುಮೇರಾ ಹಿಂದಿನಿಂದ ಇಣುಕಿ, ಇಷ್ಟಕ್ಕೆ ನಲವತ್ತು ವರ್ಷ ಬೇಕಾಯಿತೇ ಎಂದು ಕೇಳಿದಳು. ಹೌದು, ಬೇಕಾಯಿತು. ನೀನು ಇದನ್ನು ಓದಿ, ಹರಿಯದೆ, ಪಕ್ಕಕ್ಕಿಟ್ಟು ಸುಮ್ಮನೆ ಕೂತಿರುತ್ತೀ ಎಂದು ನನಗೆ ಗೊತ್ತಿದೆ. ನನಗೆ ಅಷ್ಟು ಸಾಕು.

ಬುಧವಾರ ಬರುವುದಿಲ್ಲ. ಗುರುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಹೋಳಿಗೆ ಒಂದು ದಿನ ಹಳೆಯದಾದರೆ ಇನ್ನೂ ರುಚಿ ಎಂದು ಬಸವಂತಮ್ಮನಿಗೆ ಹೇಳು.

ಛತ್ರಿ ತರುವುದಿಲ್ಲ.

ನಿನ್ನ,
ವಲಿ